ಬಲೆಗೊಂದು ಪಾಲು

ಕಾರವಾರದ ಕೋರ್ಟಿನೆದುರು, ಬಣ್ಣ ಹೋದ ಛತ್ರಿಯ ಕೆಳಗೆ
ಟೈಪ್‌ರೈಟರ್ ಇಟ್ಟುಕೊಂಡು ಕೂತ ರೇವಣಕರ ಮಾಮ
ಕನ್ನಡಕದ ಮೇಲಿಂದ ನೋಡಿ ಕೇಳಿದರು:
ಯಾವ ದೋಣಿ? ಎಷ್ಟು ಸಿಲಿಂಡರು?

ದೋಣಿಯಲ್ಲ ಮಾಮ, ಸಿನೆಮಾ.

ಬೆರಳು ಕೀಲಿಗಳ ಮೇಲೆಯೇ ನಿಂತಿತು.
ಮೂವತ್ತು ವರ್ಷ ಬೈತಖೋಲದ ಪಾಲುದಾರರಿಗೆ
ಒಂದೇ ಕರಾರು ಬರೆದ ಕೈ.
ನನ್ನನ್ನು ನೋಡಿದರು, ಐಸ್ ಫ್ಯಾಕ್ಟರಿಯ ಲೆಕ್ಕದವಳು,
ಇವಳಾದರೂ ನೆಟ್ಟಗಿದ್ದಳಲ್ಲ ಎಂಬಂತೆ.
ಪುರ್ಸುವನ್ನು ನೋಡಿದರು, ಮದುವೆ ವಿಡಿಯೋದವನು.
ಮಿಂಗೆಲ್ ಇಗರ್ಜಿಯ ಫೆಸ್ತಿಗೆ ಸ್ಪೀಕರ್ ಕಟ್ಟುವವನು,
ಆಗಲೂ ಕಿವಿಗೆ ಹೆಡ್‌ಫೋನು,
ನಿಂತ ಟೈಪ್‌ರೈಟರಿನ ಮೌನವನ್ನೇ ಹಿಡಿಯುತ್ತಿದ್ದ.

ಹೊಸ ನಮೂನೆ ನನ್ನ ಹತ್ತಿರ ಇಲ್ಲ, ಅಂದರು ಮಾಮ.
ಇದ್ದುದರಲ್ಲೇ ತಿದ್ದೋಣ.

ಹಾಗೆ ನಮ್ಮ ಕಂಪನಿ
ದೋಣಿಯ ಕಾಗದದಲ್ಲಿ ಹುಟ್ಟಿತು.
‘ಯಾಂತ್ರಿಕ ದೋಣಿ’ ಇದ್ದಲ್ಲಿ ಕ್ಯಾಮೆರಾ,
ಮಡಗಾಂವಿನಿಂದ ಸ್ಕೂಟರಿನ ಡಿಕ್ಕಿಯಲ್ಲಿ
ಎರಡನೇ ಕೈಗೆ ಬಂದದ್ದು.
‘ಬಲೆ’ ಇದ್ದಲ್ಲಿ ಮೈಕು.
‘ಡೀಸೆಲ್’ ಡೀಸೆಲ್ಲಾಗಿಯೇ ಉಳಿಯಿತು, ಜನರೇಟರಿಗೆ ಬೇಕಲ್ಲ.
‘ಮೀನು ಸಿಗದ ದಿನಗಳಲ್ಲಿ ಪಾಲುದಾರರು
ಒಬ್ಬರನ್ನೊಬ್ಬರು ದೂರತಕ್ಕದ್ದಲ್ಲ.’
ಇದನ್ನು ಹೊಡೆದುಹಾಕಲೇ?
ಬೇಡ ಮಾಮ, ಇರಲಿ.

ಹೆಸರು?
ತಿಳಮಾತಿ, ಅಂದೆ. ಮಾಜಾಳಿಯ ಆಚೆ
ಎಳ್ಳು ಚೆಲ್ಲಿದಂತೆ ಮರಳು ಕಪ್ಪಗಿರುವ ಆ ತುಂಡು ದಡ.
ವಿಳಾಸ?
ಐಸ್ ಫ್ಯಾಕ್ಟರಿಯ ಮಹಡಿ. ಬಾಡಿಗೆ ಇಲ್ಲ, ಸದ್ದು ಇದೆ.

ಪಾಲು ಹೇಗೆ?
ಶೇಕಡಾವಾರು ಬರೆದ ಚೀಟಿ ತೆಗೆದೆ.
ಪುರ್ಸು ಅದನ್ನು ಮಡಚಿ ನನ್ನ ಪರ್ಸಿಗೇ ತುರುಕಿದ.
ಅವನ ಅಜ್ಜ ರಾಂಪಣಿಯ ಕಾಲದವ.
ಆ ದೊಡ್ಡ ಬಲೆ ದಡ ಸೇರಲು ನೂರು ಕೈ ಬೇಕಿತ್ತಂತೆ,
ದಾರಿಹೋಕ ಹಗ್ಗ ಹಿಡಿದರೂ ಅವನಿಗೊಂದು ಪಾಲು,
ಪಾಟಿಚೀಲ ಬದಿಗಿಟ್ಟು ಎಳೆದ ಪೋರನಿಗೂ
ನಾಲ್ಕು ಬಂಗಡೆ.
ಹಂಗೇ ಬರೀರಿ, ಅಂದ.

ಬರೆದರು: ಹಗ್ಗಕ್ಕೆ ಕೈ ಹಾಕಿದ ಪ್ರತಿಯೊಬ್ಬರಿಗೂ.
ಆಮೇಲೆ ತಲೆಯೆತ್ತಿ, ಸಿನೆಮಾದಲ್ಲಿ ಹಗ್ಗ ಯಾವುದು?
ಮೂವರಿಗೂ ಗೊತ್ತಿರಲಿಲ್ಲ.
ಮಾಮ ಒಂದು ಅಲ್ಪವಿರಾಮ ಹೊಡೆದು ಮುಂದೆ ಹೋದರು.

ಮೊದಲ ದಿನ. ಬೆಳಗಿನ ಆರು.
ಧಾರವಾಡದಿಂದ ಬರಬೇಕಿದ್ದ ನಟಿ
ಅರಬೈಲ್ ಘಾಟಿಯಲ್ಲಿ, ಪಂಕ್ಚರಾದ ಬಸ್ಸಿನಲ್ಲಿ.
ಕಾವಲಿನವ ಸೀಟಿ ಊದಿದ: ಆ ಕಡೆ ನೇವಿ, ತಿರುಗಿಸಿ!
ಚೌಕಟ್ಟಿನ ಎಡಗಡೆ ಸರಕಾರದ್ದು.
ನಾವು ಬಲಕ್ಕೆ ತಿರುಗಿದೆವು.
ಬಲಕ್ಕೆ ಶೇವಂತಿ ಇದ್ದಳು, ಬುಟ್ಟಿ ಹೊತ್ತು,
ಮೀನು ಬಂತೋ ಎಂದು ದಕ್ಕೆಯತ್ತ ಕತ್ತು ಚಾಚಿ.

ಬಾಯೀ, ಒಂದು ಸಲ ಹೀಗೆ ನಡೀತೀಯ?
ಹನ್ನೊಂದು ಸಲ ನಡೆದಳು.
ಐದನೆಯದರಲ್ಲಿ ಕಾಗೆ, ಏಳರಲ್ಲಿ ಲಾರಿ,
ಒಂಬತ್ತರಲ್ಲಿ ಅವಳಿಗೇ ನಗು.
ಹನ್ನೊಂದನೆಯದರಲ್ಲಿ ನಮ್ಮನ್ನು ಮರೆತಳು.
ಮಿಂಗೆಲ್ ಕಣ್ಣು ಮುಚ್ಚಿದ್ದ. ಅವಳ ಬಳೆಗಳು,
ಅದರ ಹಿಂದೆ ತೆರೆ, ಅಷ್ಟೇ.

ಮತ್ತೆ ಬಂದು ಕೇಳಿದಳು: ನನ್ನ ಪಾಲು ಎಷ್ಟು, ತಂಗೀ?
ವಹಿ ತೆರೆದೆ. ಲೆಕ್ಕ ಸುಳ್ಳು ಹೇಳುವುದಿಲ್ಲ.
ಖರ್ಚು ಹನ್ನೊಂದು ಸಾವಿರದ ಮುನ್ನೂರ ನಲವತ್ತು.
ಹುಟ್ಟುವಳಿ ಇಲ್ಲ.
ಇಲ್ಲದ್ದರಲ್ಲಿ ಒಂದು ಪಾಲು ನಿನಗೆ, ಅಂದೆ,
ನಾಲಿಗೆ ಒಣಗಿ.

ಬಲೆ ಖಾಲಿ ಬಂತು ಅನ್ನು, ಅಂದಳು ಶೇವಂತಿ.
ಅದಕ್ಕೆಂಥದು, ನಾಳೆ ಇಲ್ಲವಾ?
ದಕ್ಕೆಗೆ ಹೋಗಿ ಬಂದವಳು
ಬುಟ್ಟಿಯಿಂದ ಎರಡು ನೊಗಲಿ ತೆಗೆದು
ಟ್ರೈಪಾಡಿನ ಚೀಲಕ್ಕೆ ಹಾಕಿ ಹೊರಟಳು.

ರಾತ್ರಿ ಮಹಡಿಯಲ್ಲಿ ಕೂತು ಜಮೆಯ ಕಡೆ ಬರೆದೆ:
ನೊಗಲಿ, ಎರಡು.
ಕೆಳಗೆ ಮಂಜುಗಡ್ಡೆ ಪುಡಿಯಾಗುತ್ತಿತ್ತು.
ಪುರ್ಸು ಚೀಲ ಎರಡು ಸಲ ತೊಳೆದ, ಸೋಪು ಹಾಕಿ.
ವಾಸನೆ ಹೋಗಿಲ್ಲ.
ಸೋಮವಾರ ಇದೇ ಚೀಲ ಹೊತ್ತು
ಸಾಲ ಕೇಳಲು ಬ್ಯಾಂಕಿಗೆ ಹೋಗಬೇಕು.