ಮೈಲಿಗೆ ಎಷ್ಟು

ಗೊಥೆನ್‌ಬರ್ಗ್ ವಿಮಾನ ನಿಲ್ದಾಣ. ಬೆಳಗಿನ ಐದೂವರೆ.
ಮೊದಲು ಬಂದವನು ಸಿಕ್ಸ್ಟೆನ್ ಹುಲ್ಟ್,
ಮೂವತ್ತೊಂದು ವರ್ಷ ಈ ಊರಿನ ಟ್ರಾಮ್ ಓಡಿಸಿದವನು.
ಉಣ್ಣೆ ಟೋಪಿ ತೆಗೆದು, ರಸೀದಿ ಚಾಚಿ ಕೇಳಿದ:
"ಮುಂದಿನ ಸೀಟಿಗೆ ಹೆಚ್ಚಿಗೆ ಕೊಟ್ಟೆನಲ್ಲ,
ಅದಕ್ಕೂ ಮೈಲಿ ಸೇರುತ್ತದೆ, ತಾನೆ?"

ಇಲ್ಲ ಎನ್ನುವುದನ್ನು ನಗುತ್ತ ಹೇಳಲು ನನಗೆ ಕಲಿಸಿದ್ದಾರೆ.
ಮೈಲಿಗೆ ಇಷ್ಟು ಎಂಬ ಪಟ್ಟಿ ನನ್ನ ತೆರೆಯ ಮೇಲಿದೆ:
ಟಿಕೆಟ್ಟಿಗೊಂದು ಅಕ್ಷರ,
ಕೊಂಡ ಗಳಿಗೆಯಲ್ಲೇ ಹಣೆಗೆ ಬರೆದದ್ದು.
ದುಡ್ಡು ಕೊಟ್ಟು ಮುಂದೆ ಕೂರಬಹುದು,
ಗಾಜಿನ ಲೋಟ, ಬಿಸಿ ಮಾಡಿದ ಒದ್ದೆ ಬಟ್ಟೆ,
ನಿಮ್ಮ ಬೆನ್ನಿಗೆ ಪರದೆಯನ್ನೂ ಎಳೆಯುತ್ತಾರೆ.
ಲೆಕ್ಕ ಮಾತ್ರ ಹಳೆಯ ಅಕ್ಷರದ್ದೇ.
ನಿಮ್ಮದು ಓ.

"ಓ," ಎಂದ,
ಯಾರೋ ಕರೆದದ್ದಕ್ಕೆ ಓಗೊಟ್ಟ ಹಾಗೆ.

ಸಿಟ್ಟಾಗಲಿಲ್ಲ. ಹಿಂದೆ ಸಾಲು ಬೆಳೆಯುತ್ತಿದ್ದರೂ ಬೆರಳು ಮಡಿಸಿದ:
ಕಡಲ ದಂಡೆಯಿಂದ ಗುಡ್ಡದ ಮೇಲಿನ ಮನೆಗಳವರೆಗೆ
ದಿನಕ್ಕೆ ಆರು ಸಲ,
ಕೂಡಿದರೆ ಭೂಮಿಗೆ ಇಪ್ಪತ್ತು ಸುತ್ತು,
ಹಳಿ ಬಿಟ್ಟು ಒಂದಡಿ ಆಚೆಗಿಲ್ಲ.
"ಎಲ್ಲರಿಗಿಂತ ಮುಂದೆ ಕೂತವನು ನಾನೇ.
ಆಗ ಇದಕ್ಕೆ ಸಂಬಳ ಕೊಡುತ್ತಿದ್ದರು."

ನನಗೂ ಒಂದು ಅಕ್ಷರವಿದೆ. ಹೇಳಲಿಲ್ಲ.
ಎಲ್ಲರೂ ಹತ್ತಿದ ಮೇಲೆ ಜಾಗ ಉಳಿದರೆ
ಕೂರಬಹುದಾದವರ ಅಕ್ಷರ.

ಪೆಟ್ಟಿಗೆಗೆ ಚೀಟಿ ಅಂಟಿಸಿದೆ. ಇಪ್ಪತ್ತೆರಡು ಕಿಲೋ.
ಹೊರಟವನು ತಿರುಗಿ ಬಂದ:
"ಈ ಸೀಟು ಡ್ರೈವರಿಗೆ ಹತ್ತಿರವೆ?"
ಹತ್ತಿರವೇ, ಬಾಗಿಲು ಮುಚ್ಚಿರುತ್ತದೆ, ಅಂದೆ.
"ಇರಲಿ. ತಿರುವಿನಲ್ಲಿ
ಬ್ರೇಕು ಹೇಗೆ ಹಿಡಿಯುತ್ತಾನೆ
ಗೊತ್ತಾದರೆ ಸಾಕು."