ಬಣ್ಣವನ್ನು ಅಟ್ಟಿಸಿಕೊಂಡು ಬಂದವರು

ಗ್ರಿಮ್ಸ್‌ಬಿಯ ಮೀನುಕಟ್ಟೆಗೆ ಎರಡು ಬೀದಿ ಈಚೆ
ಈ ಲಾಂಡ್ರಿಯನ್ನು ಇಪ್ಪತ್ತಾರು ವರ್ಷದಿಂದ ‘ರನ್’ ಮಾಡುತ್ತಿರುವವಳು ನಾನು.
ಅಂದರೆ ಓಡಿಸುವವಳು.
ಸೊಂಟದ ಮೂಳೆ ಸವೆದಿದೆ. ನಾನೇ ಕೊನೆಗೆ ಓಡಿದ್ದು
ಯಾವ ಬಸ್ಸಿನ ಹಿಂದೆ ಎಂಬುದೂ ಮರೆತಿದೆ.

ಅವಳು ಬಂದದ್ದು ಒಂದು ಮಂಗಳವಾರ,
ಕೈಯಲ್ಲಿ ನೀಲಿ ಚೀಲ, ಕಂಕುಳಲ್ಲಿ ನೋಟ್‌ಬುಕ್ಕು.
ಊರು ಎರಿತ್ರಿಯಾ ಕಡೆ. ಹೆಸರು ಲೆತೆಬ್ರಹಾನ್.
ನನ್ನ ನಾಲಿಗೆ ಆ ಹೆಸರಿನ ಮೇಲೆ ಮೂರು ಸಲ ಎಡವಿತು,
ನಾಲ್ಕನೆಯ ಸಲ ಅವಳೇ ಕೈಹಿಡಿದು ದಾಟಿಸಿದಳು.

ಕೆಂಪು ಶಾಲನ್ನು ಬಿಳಿ ಬೆಡ್‌ಶೀಟಿನ ಜೊತೆ ಹಾಕಿಬಿಟ್ಟಿದ್ದಳು.
ಮುಚ್ಚಳ ತೆರೆದರೆ ಎಲ್ಲವೂ ಸಾಲ್ಮನ್ ಮೀನಿನ ಹೊಟ್ಟೆಯ ಬಣ್ಣ.
“ಬಣ್ಣ ಓಡಿಬಿಟ್ಟಿತಲ್ಲ ಮಗಳೇ” ಅಂದೆ;
ನಮ್ಮ ಇಂಗ್ಲಿಷಿನಲ್ಲಿ ಬಣ್ಣ ಬಿಡುವುದಿಲ್ಲ, ಓಡುತ್ತದೆ.
ಅವಳು ಪೆನ್ಸಿಲ್ ನಾಲಿಗೆಗೆ ತಾಗಿಸಿ
ಬಲು ಗಂಭೀರವಾಗಿ ಕೇಳಿದಳು:
“ಯಾರು ಅಟ್ಟಿಸಿಕೊಂಡು ಬಂದರು?”

ನಾನು ನಕ್ಕೆ. ಅವಳು ನಗಲಿಲ್ಲ.

ಅಲ್ಲಿಂದ ಮುಂದೆ ಮಂಗಳವಾರಕ್ಕೊಂದು ಓಟ.
ನಲ್ಲಿ ಓಡುತ್ತದೆ, ನಿಂತಲ್ಲೇ ನಿಂತು.
ನೆಗಡಿಯಾದರೆ ಮೂಗು ಓಡುತ್ತದೆ, ಮುಖ ಬಿಟ್ಟು ಕದಲದೆ.
ಹಾಲು ಮುಗಿದರೆ ಹಾಲು ಹೊರಗೋಡಿತು ಅನ್ನುತ್ತೇವೆ ಎಂದಾಗ
ಅವಳು ಬಾಗಿಲ ಕಡೆ ತಿರುಗಿ ನೋಡಿದಳು.
ಭಾನುವಾರ ನಮ್ಮ ಬೀದಿಗೆ ಬಸ್ಸು ಓಡುವುದಿಲ್ಲ.
“ನಡೆಯುವುದೂ ಇಲ್ಲ” ಎಂದಳು,
ಸ್ಟಾಪಿನಲ್ಲಿ ಒಂದು ಗಂಟೆ ನೆನೆದವಳು.
ಚುನಾವಣೆಗೆ ಅಮೆರಿಕದವರು ಓಡುತ್ತಾರೆ, ನಾವು ನಿಲ್ಲುತ್ತೇವೆ,
ಗೆದ್ದ ಮೇಲೆ ಎರಡೂ ಕಡೆಯವರು ಕೂರುತ್ತಾರೆ.
ಅದನ್ನು ಎರಡು ಸಲ ಬರೆದುಕೊಂಡಳು.

ಎಡಗೈ ಬರವಣಿಗೆ ನಮ್ಮ ಮನೆತನದಲ್ಲಿ ಓಡುತ್ತದೆ:
ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ನನಗೆ.
ನನ್ನ ಹತ್ತಿರ ಬಂದು ಏದುಸಿರು ಬಿಟ್ಟು ನಿಂತಿತು.
ಮಕ್ಕಳಿಲ್ಲ ಅಂತ ಬಿಡಿಸಿ ಹೇಳಲಿಲ್ಲ.
ಅವಳು ಆ ಸಾಲಿನ ಕೆಳಗೆ ಮೆಲ್ಲಗೆ ಗೆರೆ ಎಳೆದಳು.

ನನ್ನ ವಿಲ್ಫ್ ಮೀನು ಹಡಗಿನಲ್ಲಿದ್ದವನು.
ಹಡಗು ನೆಲಕ್ಕೆ ಓಡಿತು ಅಂದರೆ
ಊರು ಸೇರಿತು ಅಂತಲ್ಲ, ಲೆತೆ.
ಇಷ್ಟು ಹೇಳಿ ಸೋಪಿನ ಪುಡಿ ಅಳೆಯಲು ಎದ್ದೆ.

ಡಿಸೆಂಬರಿನ ಒಂದು ಸಂಜೆ
ಡ್ರೈಯರಿನ ಬಿಸಿಗೆ ಬೆನ್ನು ಕೊಟ್ಟು ಅವಳು ಹೇಳಿದಳು:
“ನಮ್ಮಲ್ಲಿ ಓಡುವುದಕ್ಕೆ ಒಂದು ಮಾತು,
ಜೀವ ಹಿಡಿದು ಓಡುವುದಕ್ಕೆ ಇನ್ನೊಂದು.
ಮೊದಲನೆಯದು ಮಕ್ಕಳದು, ಆಡುಮರಿಗಳದು.
ಎರಡನೆಯದನ್ನು ಮನೆಯೊಳಗೆ ಯಾರೂ ಜೋರಾಗಿ ಆಡುವುದಿಲ್ಲ,
ಗೋಡೆ ಕೇಳಿಸಿಕೊಳ್ಳುತ್ತದೆ.
ನಿಮ್ಮಲ್ಲಿ ಎಲ್ಲಕ್ಕೂ ಒಂದೇ.
ಮೂಗಿಗೂ ಅದೇ. ನನ್ನ ತಮ್ಮನಿಗೂ ಅದೇ.”

ತಮ್ಮ ಎಲ್ಲಿದ್ದಾನೆ ಎಂದು ನಾನು ಕೇಳಲಿಲ್ಲ.
ಮೂರನೇ ಮೆಷಿನ್ನು ಹಿಂಡುವ ಸುತ್ತಿಗೆ ಬಂದು
ಗಡಗಡ ನಡುಗತೊಡಗಿತು.
ಇಬ್ಬರೂ ಅದನ್ನೇ ನೋಡುತ್ತ ಕೂತೆವು,
ಅದರೊಳಗೆ ಯಾರದೋ ಶರ್ಟಿನ ತೋಳು
ಗಾಜಿಗೆ ಬಡಿದು ಬಡಿದು ಮಾಯವಾಗುತ್ತಿತ್ತು.

ಮಾರ್ಚಿನಲ್ಲಿ ನನ್ನ ಸೊಂಟಕ್ಕೆ ಆಪರೇಷನ್.
ಅಷ್ಟರಲ್ಲಿ ಅವಳ ಕಾಗದಪತ್ರ ಕೈಸೇರಿತ್ತು.
ಬೀಗದ ಗೊಂಚಲು ಕೊಟ್ಟೆ, ಚಿಲ್ಲರೆಯ ಬಿಸ್ಕತ್ ಡಬ್ಬಿ ಕೊಟ್ಟೆ,
ಮೂರನೇ ಮೆಷಿನ್ನಿಗೆ ಮಂಡಿಯಿಂದ ಗುದ್ದಬೇಕೆಂಬ
ಮನೆತನದ ಗುಟ್ಟನ್ನೂ ಕೊಟ್ಟೆ.

ನಾಲ್ಕನೇ ದಿನ ವಾರ್ಡಿನಿಂದ ಫೋನ್ ಮಾಡಿದೆ.
ಪಕ್ಕದ ಮಂಚದ ಮುದುಕಿ ನಿದ್ದೆಯಲ್ಲಿ ಗೊಣಗುತ್ತಿದ್ದಳು.
“ಅಂಗಡಿ ಹೇಗಿದೆ?”
“ಓಡುತ್ತಿದೆ.”
“ನೀನು?”
ಆಚೆಯಿಂದ ಸ್ವಲ್ಪ ಹೊತ್ತು
ತೊಟ್ಟಿಗೆ ನೀರು ತುಂಬುವ ಸದ್ದು ಮಾತ್ರ.
“ನಾನು” ಅಂದಳು,
ಪದ ಸರಿಯಿದೆಯೇ ಎಂದು ಪರೀಕ್ಷಿಸುವವಳ ಹಾಗೆ,
“ಕೂತಿದ್ದೇನೆ.”