ಭೇಟಿಯ ಉದ್ದೇಶ

ವರ್ಷಕ್ಕೊಮ್ಮೆ ಮೈಸೂರಿನ ಕಚೇರಿಯಲ್ಲಿ
ಅದೇ ಅರ್ಜಿ, ಅದೇ ಕಲಂ ಹನ್ನೊಂದು:
ಭೇಟಿಯ ಉದ್ದೇಶ.
ಪೆನ್ನು ಅಲ್ಲಿಗೆ ಬಂದು ನಿಲ್ಲುತ್ತದೆ,
ಗಂಜಾಮಿನ ತಿರುವಿನಲ್ಲಿ ಬಸ್ಸು ನಿಂತ ಹಾಗೆ,
ಎಂಜಿನ್ನು ಆರಿಸದೆ.

ಒಂಬತ್ತು ವರ್ಷದ ಹಿಂದೆ, ಮೂರು ವಾರಕ್ಕೆಂದು
ಹಕ್ಕಿ ನೋಡುವವರ ಗುಂಪಿನಲ್ಲಿ ಬಂದವಳು.
ಗುಂಪು ಹೋಯಿತು. ಜೂನಿಗೆ ಹಕ್ಕಿಗಳೂ ಹೋದವು.

ಹೆಸರು ಕಲ್ಲಿಯೋಪಿ. ಊರಿನ ಬಾಯಲ್ಲಿ
ಕಲಿಯೋಪಿ, ಕಲಿಯಮ್ಮ, ಸವೆದು ಸವೆದು ಕಲ್ಲಮ್ಮ.
ಗ್ಯಾಸಿನ ಪುಸ್ತಕದಲ್ಲಿ ಮಾತ್ರ ಕಲ್ಯಾಣಿ.
ಐವರೂ ಒಂದೇ ಸಿಲಿಂಡರಿನಲ್ಲಿ
ಬೇಯಿಸಿಕೊಂಡು ತಿನ್ನುತ್ತೇವೆ.

ಮೊದಲ ವಾರ ಪಕ್ಕದ ಮನೆಯ ಸಣ್ಣಮ್ಮಣ್ಣಿ
"ಉಂಡ್ರಾ?" ಅಂದರು.
ಹೌದೆನ್ನಲು ನಮ್ಮ ಮಾತಿನಲ್ಲಿ "ನೆ" ಅಂದೆ.
ಅವರ ಕಿವಿಗೆ ಬಿದ್ದದ್ದು "ಏನೇ".
ಅರವತ್ತಾರು ವರ್ಷದ ಹೆಂಗಸು. ಅತ್ತೆ ಸತ್ತ ಮೇಲೆ
ಏನೇ ಅನ್ನುವವರು ಯಾರೂ ಉಳಿದಿರಲಿಲ್ಲ.
ನಕ್ಕು ನಕ್ಕು, ಸೆರಗಿನಲ್ಲಿ ಕಣ್ಣೊರೆಸಿಕೊಂಡು
"ಏನಿಲ್ಲ ಕಣೇ" ಅಂದಳು.
ಅವತ್ತಿನಿಂದ ನಮ್ಮಿಬ್ಬರ ನಡುವೆ ಬಹುವಚನವಿಲ್ಲ.

ಇದೂ ದ್ವೀಪವೇ. ನಾನು ಹುಟ್ಟಿದ್ದೂ ದ್ವೀಪದಲ್ಲೇ.
ಅಲ್ಲಿ ಹಡಗು ಬರದ ದಿನ ಔಷಧಿಯಿಲ್ಲ, ಕಾಗದವಿಲ್ಲ.
ಇಲ್ಲಿ ಎರಡೂ ಕಡೆ ಸೇತುವೆ;
ರೈಲು ನಮ್ಮ ನಿದ್ದೆಯ ನಡುವೆಯೇ ದಾಟಿಹೋಗುತ್ತದೆ.
ಸುತ್ತಲೂ ನೀರಿದೆಯೆಂದು ಜನಕ್ಕೆ ನೆನಪಾಗುವುದು
ಕಟ್ಟೆಯಿಂದ ಹೊಳೆ ಬಿಟ್ಟು, ಆಟೋದ ಮೈಕು
"ನದಿ ಪಾತ್ರದ ಜನರು" ಎಂದು ಕೂಗುತ್ತಾ ಹೋದಾಗ.
ಅಂಥದೊಂದು ರಾತ್ರಿ ಮೆಟ್ಟಿಲಿಗಿಳಿದು
ಒಂದು ಬೊಗಸೆ ಕುಡಿದು ನೋಡಿದ್ದೆ:
ಇಷ್ಟು ದೊಡ್ಡ ಸದ್ದು,
ಒಂದು ಹರಳು ಉಪ್ಪೂ ಇಲ್ಲ.

ನಲ್ಲಿ ನೀರು ದಿನ ಬಿಟ್ಟು ದಿನ, ಬೆಳಗಿನ ಐದೂವರೆಗೆ.
ಸಾಲಿನಲ್ಲಿ ನನ್ನದು ನೀಲಿ ಕೊಡ, ಬಾಯಿ ಸೀಳಿದ್ದು.
ಮುದ್ದೆಯನ್ನು ಅಗಿಯಬಾರದೆಂದು ಕಲಿಯಲು ಒಂದು ಮಳೆಗಾಲ ಬೇಕಾಯಿತು,
ಸೊಪ್ಪಿನವಳ ಹತ್ತಿರ ಚೌಕಾಸಿ ಕಲಿಯಲು ಎರಡು.
ಬೆಕ್ಕನ್ನು "ಎಲಾ, ಎಲಾ" ಎಂದು ಕರೆಯುತ್ತೇನೆ,
ನಮ್ಮಲ್ಲಿ ಅದು "ಬಾ".
ಬೀದಿಯ ಹುಡುಗರು ಪೂರ್ತಿ ಮಾಡುತ್ತಾರೆ:
"ಎಲಾ ಇವಳ!"

ಒಂದನ್ನು ಮಾತ್ರ ಹೊಸದಾಗಿ ಕಲಿಯಬೇಕಾಗಲಿಲ್ಲ.
ಇಲ್ಲ ಎನ್ನಲು ನಾಲಿಗೆ ಹಲ್ಲಿನ ಹಿಂದೆ ತಾಗಿ ಒಂದು "ತ್ಚು".
ನನ್ನಜ್ಜಿ ಹಾಗೇ ಅನ್ನುತ್ತಿದ್ದಳು.
ಅಂಗಡಿಯ ರೇವಣ್ಣನೂ.
ಚಿಲ್ಲರೆ ಇದೆಯಾ?
ತ್ಚು.

ಈ ಊರಿನ ಅಂಜೂರಕ್ಕೆ ಹಿಂದೆ ಹೆಸರಿತ್ತಂತೆ.
ಈಗ ಸಣ್ಣಮ್ಮಣ್ಣಿಯ ಹಿತ್ತಿಲಲ್ಲಿ ಒಂದು ಮರ,
ಬಟ್ಟೆ ಒಣಹಾಕುವ ತಂತಿಗೆ ಅದೇ ಕಂಬ.
ಕಿತ್ತ ತೊಟ್ಟಿನಿಂದ ಹಾಲು ಒಸರಿ ಬೆರಳು ಕಡಿಯುತ್ತದೆ;
ಆ ಕಡಿತ ಏಳನೇ ವಯಸ್ಸಿನಿಂದ ಗೊತ್ತು ನನಗೆ.
ಮಾರ್ಚಿನ ಮಾಳಿಗೆ. ಹಳೇ ಪಂಚೆಯ
ಒಂದು ತುದಿಗೆ ಅವಳ ಸಂಡಿಗೆ, ಇನ್ನೊಂದಕ್ಕೆ ನನ್ನ ಅಂಜೂರ.
ಕಾಗೆ ಓಡಿಸುವ ಕೋಲು ಒಂದೇ, ಸರದಿಯ ಮೇಲೆ.

ನಿನ್ನೆ ಅಲ್ಲಿದ್ದಾಗಲೇ ತಂಗಿಯ ಫೋನು.
ಹಲ್ಲು ಕೀಳಿಸಿದ್ದು, ಮಗಳ ಪರೀಕ್ಷೆ, ಬಂದರಿನ ಹೊಸ ಹೋಟೆಲು,
ಆಮೇಲೆ ಸ್ವಲ್ಪ ಹೊತ್ತು ಬರೀ ಗಾಳಿ.
"ವಾಪಸ್ ಬರ್ತೀಯಾ? ಪೂರ್ತಿ?"
ಗಲ್ಲ ಎತ್ತಿ ತ್ಚು ಅಂದೆ.
ಅದು ಯಾವ ಭಾಷೆಯದೆಂದು ನನಗೇ ತಿಳಿಯಲಿಲ್ಲ.
ಅವಳಿಗೆ ಅರ್ಥವಾಯಿತು.
ಸಣ್ಣಮ್ಮಣ್ಣಿಗೂ ಆಯಿತೆಂದು ಕಾಣುತ್ತದೆ.
ಕಾಗೆಯ ಮೇಲಿಟ್ಟ ಕಣ್ಣು ತೆಗೆಯದೆ
"ಮಾತಾಡು ಮಾತಾಡು, ಕೋಲು ನಾನೇ ಇಟ್ಕೊಂಡಿರ್ತೀನಿ" ಅಂದಳು.

ಕಲಂ ಹನ್ನೊಂದು. ಒಂದೂವರೆ ಇಂಚು ಜಾಗ.
ಹಿಂದೆ ಸಾಲು ಬೆಳೆಯುತ್ತಿದೆ.
"ಹೋದ್ವರ್ಷದ್ದೇ ಬರೀರಿ ಮೇಡಂ," ಕಿಟಕಿಯಾಚೆಯ ಹುಡುಗಿ.
ಹೋದ ವರ್ಷ ಏನು ಬರೆದಿದ್ದೆನೋ.
ಬೆರಳ ಸಂದಿಯಲ್ಲಿ ನಿನ್ನೆಯ ಹಾಲು ಇನ್ನೂ ಆರಿಲ್ಲ,
ಪೆನ್ನು ಅಂಟುತ್ತಿದೆ.